ಐಸೊಟ್ರೆಟಿನಾಯಿನ್ ಕೋರ್ಸ್ ಮುಗಿದ ಮೇಲೂ ಮೊಡವೆ ಮತ್ತೆ ಬರುವುದೇಕೆ?

ಆರೇಳು ತಿಂಗಳು ತುಟಿ ಒಡೆದುಕೊಂಡು, ಚರ್ಮ ಒಣಗಿಸಿಕೊಂಡು, ನಡುನಡುವೆ ರಕ್ತ ಪರೀಕ್ಷೆ ಮಾಡಿಸಿಕೊಂಡು, ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಕ್ಯಾಪ್ಸೂಲ್ ತೆಗೆದುಕೊಂಡವರಿಗೆ ಕೊನೆಗೂ ಮುಖ ತಿಳಿಯಾಗುತ್ತದೆ. ಕನ್ನಡಿ ನೋಡುವ ಭಯ ಹೋಗುತ್ತದೆ. ಆಮೇಲೆ ಯಾವತ್ತೋ ದವಡೆಯ ಅಂಚಿನಲ್ಲೋ ಬೆನ್ನಿನ ಮೇಲೋ ಹಳೆಯ ಥರದ್ದೇ ಒಂದು ಗಂಟು ಏಳುತ್ತದೆ. ಸ್ವಲ್ಪ ದಿನಕ್ಕೆ ಇನ್ನೆರಡು. ಆಗ ಹೆಚ್ಚಿನವರು ತಮ್ಮನ್ನೇ ದೂರಿಕೊಳ್ಳುತ್ತಾರೆ. ಮುಖ ಸರಿಯಾಗಿ ತೊಳೆಯಲಿಲ್ಲವೇನೋ, ತಿನ್ನಬಾರದ್ದು ತಿಂದೆನೇನೋ ಅಂತ. ಸುತ್ತಲಿನವರೂ ಅದನ್ನೇ ಹೇಳುತ್ತಾರೆ.

ಇದು ಅನ್ಯಾಯ. ಮೊಡವೆ ವಾಪಸ್ ಬರುವುದಕ್ಕೆ ಕಾರಣ ಹೆಚ್ಚಾಗಿ ಆ ವ್ಯಕ್ತಿಯ ಶಿಸ್ತಲ್ಲ. ಈ ಔಷಧಿ ಯಾವುದನ್ನು ಬದಲಾಯಿಸುತ್ತದೆ, ಯಾವುದನ್ನು ಮುಟ್ಟುವುದೇ ಇಲ್ಲ ಎಂಬುದರಲ್ಲಿ ಕಾರಣ ಇದೆ. ಅದು ಗೊತ್ತಾದರೆ ಮುಂದಿನ ಹೆಜ್ಜೆ ಏನು ಅನ್ನುವುದೂ ತಿಳಿಯುತ್ತದೆ. ಯಾಕೆಂದರೆ ವಾಪಸ್ ಬಂದ ಎಲ್ಲ ಮೊಡವೆಯೂ ಒಂದೇ ಅಲ್ಲ.

ಮೊದಲು ಔಷಧಿಯ ವಿಚಾರ. ಐಸೊಟ್ರೆಟಿನಾಯಿನ್ ಎಂದರೆ ವಿಟಮಿನ್ ಎ ಕುಟುಂಬದ ಒಂದು ರಾಸಾಯನಿಕ. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಗ್ಯಾರಿ ಪೆಕ್ ಮತ್ತು ಜೊತೆಗಾರರು ಬೇರೆ ಯಾವ ಮದ್ದಿಗೂ ಬಗ್ಗದ ಗಂಟುಮೊಡವೆ ಇದ್ದ 14 ಜನರಿಗೆ ಇದನ್ನು ನಾಲ್ಕು ತಿಂಗಳು ಕೊಟ್ಟರು. 13 ಜನರ ಮುಖ ಪೂರ್ತಿ ತಿಳಿಯಾಯಿತು. ಅದಕ್ಕಿಂತ ದೊಡ್ಡ ಆಶ್ಚರ್ಯ ಎಂದರೆ ಔಷಧಿ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಮೊಡವೆ ಏಳಲಿಲ್ಲ. ಅಲ್ಲಿಯವರೆಗೆ ಯಾವ ಮೊಡವೆ ಮದ್ದೂ ಹೀಗೆ ಕೆಲಸ ಮಾಡಿರಲಿಲ್ಲ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ರೋಶ್ ಕಂಪನಿ ಅಕ್ಯುಟೇನ್ ಎಂಬ ಹೆಸರಿನಲ್ಲಿ ಮಾರಿತು. ಇಂದು ಹತ್ತಾರು ಹೆಸರುಗಳಲ್ಲಿ ಅದೇ ಔಷಧಿ ಸಿಗುತ್ತದೆ.

ಮೊಡವೆ ಏಳಬೇಕಾದರೆ ನಾಲ್ಕು ಸಂಗತಿ ಕೂಡಿಬರಬೇಕು. ಚರ್ಮದ ಎಣ್ಣೆ ಗ್ರಂಥಿ ಜಾಸ್ತಿ ಜಿಡ್ಡು ಸುರಿಸಬೇಕು. ಕೂದಲ ರಂಧ್ರದ ಒಳಗೋಡೆಯ ಸತ್ತ ಕೋಶಗಳು ಅಂಟಿಕೊಂಡು ಬಾಯಿ ಕಟ್ಟಬೇಕು. ಅಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಬೇಕು. ದೇಹದ ರಕ್ಷಣಾ ವ್ಯವಸ್ಥೆ ಅದರ ಮೇಲೆ ರೇಗಿ ಉರಿಯೂತ ಎಬ್ಬಿಸಬೇಕು. ಬೇರೆ ಮದ್ದುಗಳು ಇದರಲ್ಲಿ ಒಂದನ್ನೋ ಎರಡನ್ನೋ ಹಿಡಿಯುತ್ತವೆ. ಐಸೊಟ್ರೆಟಿನಾಯಿನ್ ನಾಲ್ಕನ್ನೂ ಹಿಡಿಯುತ್ತದೆ. ಎಣ್ಣೆ ಗ್ರಂಥಿಯ ಕೋಶಗಳು ತಾವಾಗಿಯೇ ಸಾಯುವಂತೆ ಅದು ಸೂಚನೆ ಕೊಡುತ್ತದೆ. ಗ್ರಂಥಿ ಕುಗ್ಗುತ್ತದೆ. ಜಿಡ್ಡು 90% ವರೆಗೂ ಇಳಿಯಬಹುದು. ಜಿಡ್ಡೇ ಇಲ್ಲದಿದ್ದರೆ ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾಕ್ಕೂ ಜಾಗ ಇಲ್ಲ. ಇದು ನೇರವಾಗಿ ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯಾಟಿಕ್ ಅಲ್ಲ, ಆದರೂ ಬ್ಯಾಕ್ಟೀರಿಯಾ ಕಡಿಮೆಯಾಗುವುದು ಹೀಗೆ.

ಆದರೆ ಗ್ರಂಥಿ ಸಾಯುವುದಿಲ್ಲ, ಕುಗ್ಗುತ್ತದೆ ಅಷ್ಟೇ. ಇಡೀ ವಿಷಯದ ಕೀಲಿ ಇರುವುದು ಇಲ್ಲೇ. ಗ್ರಂಥಿಯ ಬುಡದಲ್ಲಿ ಹೊಸ ಕೋಶ ಹುಟ್ಟಿಸುವ ಮೂಲಕೋಶಗಳು ಉಳಿದೇ ಇರುತ್ತವೆ. ಮೇಲೆ ಕತ್ತರಿಸಿದ ಗರಿಕೆ ಹುಲ್ಲಿನ ಹಾಗೆ, ಬೇರು ಹಾಗೇ ಇದೆ. ರಕ್ತದಲ್ಲಿರುವ ಐಸೊಟ್ರೆಟಿನಾಯಿನ್ ಸುಮಾರು 20 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಅಂದರೆ ಕೊನೆಯ ಕ್ಯಾಪ್ಸೂಲ್ ನುಂಗಿ ಒಂದು ತಿಂಗಳಾಗುವಷ್ಟರಲ್ಲಿ ಅದು ದೇಹದಲ್ಲಿ ಇರುವುದೇ ಇಲ್ಲ. ಆಮೇಲೆ ಗ್ರಂಥಿ ನಿಧಾನವಾಗಿ ಮತ್ತೆ ಬೆಳೆಯಲು ಶುರುಮಾಡುತ್ತದೆ. ಒಣಗಿದ್ದ ತುಟಿ ಮೃದುವಾಗುವುದು, ಮುಖ ಮತ್ತೆ ಮಿರಮಿರ ಹೊಳೆಯುವುದು ಇದೇ ಕಾರಣಕ್ಕೆ. ಜಿಡ್ಡು ವಾಪಸ್ ಬಂತು ಅಂದಮಾತ್ರಕ್ಕೆ ಮೊಡವೆ ಬಂತು ಎಂದಲ್ಲ. ಜಿಡ್ಡು ಮುಖದ ಎಷ್ಟೋ ಜನರಿಗೆ ಮೊಡವೆಯೇ ಇರುವುದಿಲ್ಲ ಅಲ್ವಾ?

ಹಾಗೆ ನೋಡಿದರೆ ಕೇಳಬೇಕಾದ ಪ್ರಶ್ನೆ ಉಲ್ಟಾ ಇದೆ. ಔಷಧಿ ಒಂದೇ ತಿಂಗಳಲ್ಲಿ ದೇಹ ಬಿಟ್ಟು ಹೋಗುತ್ತದೆ, ಗ್ರಂಥಿ ಮತ್ತೆ ಬೆಳೆಯುತ್ತದೆ ಅಂದಮೇಲೆ ಹೆಚ್ಚಿನವರಿಗೆ ಮೊಡವೆ ವರ್ಷಗಟ್ಟಲೆ ಬಾರದೇ ಇರುವುದು ಹೇಗೆ? ಇದಕ್ಕೆ ಒಂದಕ್ಕಿಂತ ಹೆಚ್ಚು ಉತ್ತರ ಇದೆ. ಗ್ರಂಥಿ ಬಹಳ ಜನರಲ್ಲಿ ಮೊದಲಿನ ಗಾತ್ರಕ್ಕೆ ಬರಲು ತುಂಬಾ ಕಾಲ ಹಿಡಿಯುತ್ತದೆ. ಆ ಬ್ಯಾಕ್ಟೀರಿಯಾವನ್ನು ಗುರುತಿಸಿ ಉರಿಯೂತ ಎಬ್ಬಿಸುವ ಟಿಎಲ್‌ಆರ್-2 ಎಂಬ ಪ್ರೋಟೀನ್ ಚಿಕಿತ್ಸೆಯ ವೇಳೆ ರಕ್ತಕೋಶಗಳ ಮೇಲೆ ಕಡಿಮೆಯಾಗುತ್ತದೆ. ಚಿಕಿತ್ಸೆ ಮುಗಿದು ಆರು ತಿಂಗಳಾದರೂ ಅದು ಕಡಿಮೆಯೇ ಇದ್ದದ್ದು ಸಂಶೋಧನೆಯಲ್ಲಿ ಕಂಡಿದೆ. ಅಂದರೆ ದೇಹದ ಸಿಟ್ಟು ಸ್ವಲ್ಪ ಕಾಲ ತಣ್ಣಗಿರುತ್ತದೆ. ಮೂರನೆಯದು ಬರೀ ವಯಸ್ಸು. ಹದಿನೆಂಟು ಇಪ್ಪತ್ತರ ಹುಡುಗರಿಗೆ ಔಷಧಿ ಒಂದೆರಡು ವರ್ಷದ ಬಿಡುವು ಕೊಟ್ಟರೆ ಸಾಕು, ಅಷ್ಟರಲ್ಲಿ ಹದಿಹರೆಯದ ಹಾರ್ಮೋನಿನ ಅಬ್ಬರ ತಾನಾಗಿಯೇ ಇಳಿದಿರುತ್ತದೆ. ನನ್ನ ಪ್ರಕಾರ ಈ ಮೂರನೆಯ ಕಾರಣವನ್ನು ನಾವು ತೀರಾ ಕಡಿಮೆ ಲೆಕ್ಕ ಹಾಕುತ್ತೇವೆ. ಔಷಧಿ ಗೆದ್ದಿತು ಅಂದುಕೊಂಡ ಎಷ್ಟೋ ಕಡೆ ಕಾಲವೂ ಜೊತೆಗೆ ಕೆಲಸ ಮಾಡಿರುತ್ತದೆ.

ಇದನ್ನೇ ತಿರುಗಿಸಿ ನೋಡಿದರೆ ಯಾರಿಗೆ ವಾಪಸ್ ಬರುತ್ತದೆ ಅನ್ನುವುದು ಗೊತ್ತಾಗುತ್ತದೆ. ಕಾಲ ಯಾರ ಪರವಾಗಿ ಇಲ್ಲವೋ ಅವರಿಗೆ.

ಎಣ್ಣೆ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವುದು ಆಂಡ್ರೋಜನ್ ಹಾರ್ಮೋನುಗಳು. ಇವು ಗಂಡಸರಲ್ಲೂ ಇವೆ, ಹೆಂಗಸರಲ್ಲೂ ಇವೆ. ಗ್ರಂಥಿಯ ಒಳಗೇ ಟೆಸ್ಟೋಸ್ಟೆರಾನನ್ನು ಇನ್ನೂ ಬಲವಾದ ರೂಪಕ್ಕೆ ಬದಲಾಯಿಸುವ ಕಿಣ್ವ ಇದೆ. ಐಸೊಟ್ರೆಟಿನಾಯಿನ್ ಗ್ರಂಥಿಯನ್ನು ಕುಗ್ಗಿಸುತ್ತದೆ, ಆದರೆ ಅಂಡಾಶಯದಿಂದಲೋ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದಲೋ ಬರುವ ಹಾರ್ಮೋನಿನ ಹರಿವನ್ನು ಅದು ಶಾಶ್ವತವಾಗಿ ಬದಲಾಯಿಸುವುದಿಲ್ಲ. ಅನುವಂಶೀಯತೆಯನ್ನೂ ಮುಟ್ಟುವುದಿಲ್ಲ. ಬ್ರಿಟನ್ನಿನ ಅವಳಿ ಮಹಿಳೆಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊಡವೆಯಲ್ಲಿ ಕಾಣುವ ವ್ಯತ್ಯಾಸದ 81% ಪಾಲು ವಂಶವಾಹಿಗಳದ್ದು ಎಂದು ಕಂಡುಬಂತು. ಅಪ್ಪ ಅಮ್ಮನಿಗೆ ಹಟಮಾರಿ ಮೊಡವೆ ಇದ್ದರೆ ಮಕ್ಕಳಿಗೆ ಮರುಕಳಿಸುವ ಸಾಧ್ಯತೆಯೂ ಜಾಸ್ತಿ. ಇಂಥವರಿಗೆ ದಿನಕ್ಕೆ ಹತ್ತು ಸಲ ಮುಖ ತೊಳೆ ಅನ್ನುವುದರಲ್ಲಿ ಏನರ್ಥ?

ಹದಿನಾರು ವರ್ಷ ತುಂಬುವ ಮೊದಲೇ ಕೋರ್ಸ್ ಮಾಡಿದವರಿಗೆ ಮರುಕಳಿಸುವುದು ಹೆಚ್ಚು. ಔಷಧಿ ನಿಂತಾಗಲೂ ಅವರ ಹಾರ್ಮೋನು ಏರುತ್ತಲೇ ಇರುತ್ತದೆ. ಹಾಗಂತ ಗುಂಡಿ ಬೀಳುವಂಥ ತೀವ್ರ ಮೊಡವೆ ಇರುವ ಹುಡುಗನನ್ನು ಹದಿನೆಂಟರವರೆಗೆ ಕಾಯಿಸುವುದು ತಪ್ಪು. ಚಿಕ್ಕ ವಯಸ್ಸಿಗೆ ಶುರುಮಾಡಿದರೆ ಎರಡನೇ ಕೋರ್ಸ್ ಬೇಕಾಗಬಹುದು ಎಂದು ಮೊದಲೇ ಹೇಳಿ ಶುರುಮಾಡಬೇಕು. ಆ ಒಂದು ಮಾತು ಮೊದಲೇ ಹೇಳಿದ್ದರೆ ಮುಂದೆ ಆಗುವ ಆಘಾತ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಇನ್ನೊಂದು ದೊಡ್ಡ ಗುಂಪು ಇಪ್ಪತ್ತೈದು ದಾಟಿದ ಮಹಿಳೆಯರದು. ಗದ್ದ, ದವಡೆಯ ಅಂಚು, ಕುತ್ತಿಗೆಯ ಮೇಲ್ಭಾಗದಲ್ಲಿ ಆಳವಾದ ನೋವಿನ ಗಂಟುಗಳು. ಮುಟ್ಟಿಗೆ ವಾರ ಇದ್ದಾಗ ಜಾಸ್ತಿ. ಇವರಲ್ಲಿ ಹೆಚ್ಚಿನವರ ರಕ್ತದಲ್ಲಿ ಹಾರ್ಮೋನಿನ ಮಟ್ಟ ಸರಿಯಾಗಿಯೇ ಇರುತ್ತದೆ. ಗ್ರಂಥಿಯೇ ಅದಕ್ಕೆ ಅತಿಯಾಗಿ ಸ್ಪಂದಿಸುತ್ತದೆ. ಕೆಲವರಿಗೆ ಪಿಸಿಒಎಸ್, ಅಂದರೆ ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ ಇರುತ್ತದೆ. ಮುಟ್ಟು ಏರುಪೇರು, ಮುಖದ ಮೇಲೆ ಗಡಸು ಕೂದಲು, ನೆತ್ತಿಯ ಕೂದಲು ತೆಳುವಾಗುವುದು ಇದರ ಸೂಚನೆ. ಇವರಿಗೆ ಐಸೊಟ್ರೆಟಿನಾಯಿನ್ ಕೊಟ್ಟರೆ ಕೆಲಸ ಮಾಡುತ್ತದೆ, ನಿಲ್ಲಿಸಿದರೆ ಮೂಲ ಕಾರಣ ಅಲ್ಲೇ ಕಾಯುತ್ತಿರುತ್ತದೆ. ಮೊದಲ ಸಲವೇ ಮುಟ್ಟಿನ ಬಗ್ಗೆ ಎರಡು ಪ್ರಶ್ನೆ ಕೇಳಿದ್ದರೆ ಸಿಗುತ್ತಿದ್ದ ಉತ್ತರ, ಎರಡು ಕೋರ್ಸ್ ಕಳೆದ ಮೇಲೆ ಸಿಕ್ಕರೆ ಅದಕ್ಕಿಂತ ಬೇಸರದ ಸಂಗತಿ ಬೇರೊಂದಿಲ್ಲ.

ಬೆನ್ನು, ಎದೆಯ ಮೇಲೂ ಮೊಡವೆ ಹರಡಿರುವವರಿಗೂ ಮರುಕಳಿಸುವುದು ಹೆಚ್ಚು. ಕೆನ್ನೆಯ ತುಂಬ ದಪ್ಪ ಬಿಳಿ ಮುಚ್ಚಿದ ಗುಳ್ಳೆಗಳು ಇರುವವರದ್ದೂ ಅದೇ ಪಾಡು. ಈ ದಪ್ಪ ಗುಳ್ಳೆಗಳು ಔಷಧಿಗೆ ನಿಧಾನವಾಗಿ ಬಗ್ಗುತ್ತವೆ, ಇದ್ದಕ್ಕಿದ್ದಂತೆ ಕೆರಳುತ್ತವೆ. ಡಾಕ್ಟರು ಅವನ್ನು ಸೂಕ್ಷ್ಮವಾದ ಕಾಟರಿಯಿಂದ, ಅಂದರೆ ಬಿಸಿ ಮೊನೆಯಿಂದ ಸುಟ್ಟು, ಮೊದಲೇ ತೆಗೆಯಬಹುದು.

ಎಷ್ಟು ಜನರಿಗೆ ವಾಪಸ್ ಬರುತ್ತದೆ? ಇಲ್ಲಿ ಅಂಕಿಗಳು ಒಂದಕ್ಕೊಂದು ಹೊಂದುವುದೇ ಇಲ್ಲ, ಓದಿದವರಿಗೆ ತಲೆ ಕೆಡುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಮೊದಲ ಸಲ ಈ ಔಷಧಿ ತೆಗೆದುಕೊಂಡ 17,351 ಜನರ ದಾಖಲೆ ನೋಡಿ 2007ರಲ್ಲಿ ಬಂದ ವರದಿಯಲ್ಲಿ ಮರುಕಳಿಸಿದ್ದು 41%. ಎರಡನೇ ಕೋರ್ಸ್ ತೆಗೆದುಕೊಂಡವರು 26%. ಅಮೆರಿಕದಲ್ಲಿ 19,907 ಜನರ ದಾಖಲೆಯ ಮೇಲೆ 2025ರಲ್ಲಿ ಬಂದ ಅಧ್ಯಯನದಲ್ಲಿ ಮರುಕಳಿಸಿದ್ದು 22.5%, ಎರಡನೇ ಕೋರ್ಸ್ 8.2%. ಬ್ರಿಟನ್ನಿನ ಲೀಡ್ಸ್‌ನಲ್ಲಿ ಹತ್ತು ವರ್ಷ ಹಿಂಬಾಲಿಸಿ ನೋಡಿದ ಒಂದು ಸಣ್ಣ ಗುಂಪಿನಲ್ಲಿ 61% ಜನರಿಗೆ ಮೊಡವೆ ಬರಲೇ ಇಲ್ಲ. ಬಂದವರಲ್ಲಿ ಬಹುಪಾಲು ಜನರಿಗೆ ಮೊದಲ ಮೂರು ವರ್ಷದೊಳಗೇ ಬಂದಿತ್ತು.

ಅಂಕಿ ಇಷ್ಟು ಬೇರೆಯಾಗಲು ಒಂದು ಕಾರಣ ಮರುಕಳಿಸುವುದನ್ನು ಹೇಗೆ ಅಳೆಯುತ್ತಾರೆ ಎಂಬುದು. ದೊಡ್ಡ ದಾಖಲೆಗಳಲ್ಲಿ ಯಾರೂ ಮುಖ ನೋಡಿರುವುದಿಲ್ಲ. ಮೊಡವೆಯ ಮದ್ದನ್ನು ಮತ್ತೆ ಬರೆದುಕೊಟ್ಟರೇ ಎಂದಷ್ಟೇ ನೋಡುತ್ತಾರೆ. ಆಗೊಮ್ಮೆ ಈಗೊಮ್ಮೆ ಏಳುವ ಎರಡು ಗುಳ್ಳೆಗೆ ಹಚ್ಚುವ ಕ್ರೀಮು ಬರೆದುಕೊಟ್ಟರೂ ಲೆಕ್ಕದಲ್ಲಿ ಅದು ಮರುಕಳಿಕೆ. ಮುಖದ ತುಂಬ ಕೀವಿನ ಗಂಟು ಎದ್ದರೂ ಅದೇ ಒಂದು ಅಂಕಿ. ಆದ್ದರಿಂದ ನಾನು ಮೊದಲ ಅಂಕಿಗಿಂತ ಎರಡನೆಯದನ್ನು ಹೆಚ್ಚು ನಂಬುತ್ತೇನೆ. ಮತ್ತೆ ಕ್ಯಾಪ್ಸೂಲ್ ಬೇಕಾಯಿತು ಎಂದರೆ ಮೊಡವೆ ನಿಜಕ್ಕೂ ಜೋರಾಗಿ ಬಂದಿರಬೇಕು. 2025ರ ಅಧ್ಯಯನದಲ್ಲಿ ಅದು ನೂರಕ್ಕೆ ಎಂಟು ಜನರಿಗೆ ಮಾತ್ರ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಕಾಣುತ್ತದೆ. ಮರುಕಳಿಸುವುದು ಮಹಿಳೆಯರಲ್ಲಿ ಹೆಚ್ಚು, ಆದರೆ ಮತ್ತೆ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುವುದು ಅವರಲ್ಲಿ ಕಡಿಮೆ. ಅವರಿಗೆ ಹಾರ್ಮೋನಿನ ಕಡೆಯಿಂದ ಬೇರೆ ದಾರಿ ಇದೆ, ಗಂಡಸರಿಗೆ ಆ ದಾರಿ ಹೆಚ್ಚೇನೂ ಇಲ್ಲ. ಇದು ನನ್ನ ಓದು.

ಈಗ ಡೋಸ್. ಮೊಡವೆ ವಾಪಸ್ ಬಂದವರಲ್ಲಿ ಅತಿ ಹೆಚ್ಚು ಚರ್ಚೆಯಾಗುವುದು ಇದೇ. ಈ ಔಷಧಿಯಲ್ಲಿ ದಿನದ ಡೋಸ್ ಬೇರೆ, ಇಡೀ ಕೋರ್ಸಿನ ಒಟ್ಟು ಡೋಸ್ ಬೇರೆ. ದೇಹದ ತೂಕದ ಪ್ರತಿ ಕಿಲೋಗೆ ಒಟ್ಟು 120ರಿಂದ 150 ಮಿಲಿಗ್ರಾಂ ಆಗಬೇಕು ಎನ್ನುವುದು ಬಹುಕಾಲದ ರೂಢಿ. 60 ಕಿಲೋ ಇರುವವರಿಗೆ 7,200ರಿಂದ 9,000 ಮಿಲಿಗ್ರಾಂ. ದಿನಕ್ಕೆ 40 ಮಿಲಿಗ್ರಾಂ ತೆಗೆದುಕೊಂಡರೆ ಕೆಳಗಿನ ಗಡಿ ಮುಟ್ಟಲು ಆರು ತಿಂಗಳು ಬೇಕು. 20 ಮಿಲಿಗ್ರಾಂ ಆದರೆ ಒಂದು ವರ್ಷ. ಇಲ್ಲೇ ಬಹಳ ಜನ ಎಡವುತ್ತಾರೆ. ಕಡಿಮೆ ಡೋಸಿನಲ್ಲೂ ಮೂರನೇ ತಿಂಗಳಿಗೆ ಮುಖ ತಿಳಿಯಾಗುತ್ತದೆ. ಸಾಕು ಅಂತ ನಿಲ್ಲಿಸಿಬಿಡುತ್ತಾರೆ. ತೂಕಕ್ಕೆ ಲೆಕ್ಕ ಹಾಕಿದರೆ ಬೇಕಾದ ಒಟ್ಟು ಡೋಸಿನ ಕಾಲು ಭಾಗ ಮಾತ್ರ ಆಗಿರುತ್ತದೆ.

ಒಟ್ಟು ಡೋಸ್ ಇನ್ನೂ ಏರಿಸಿದರೆ ಹೇಗೆ? 2013ರಲ್ಲಿ 116 ಜನರ ಒಂದು ಅಧ್ಯಯನ ಬಂತು. ಕಿಲೋಗೆ 220 ಮಿಲಿಗ್ರಾಂಗಿಂತ ಕಡಿಮೆ ತೆಗೆದುಕೊಂಡವರಲ್ಲಿ ಒಂದು ವರ್ಷದಲ್ಲಿ 47.4% ಜನರಿಗೆ ಮರುಕಳಿಸಿತು. ಅದಕ್ಕಿಂತ ಹೆಚ್ಚು ತೆಗೆದುಕೊಂಡವರಲ್ಲಿ 26.9%. 2025ರ ದೊಡ್ಡ ಅಧ್ಯಯನದಲ್ಲೂ ಒಟ್ಟು ಡೋಸ್ ಏರಿದಂತೆ ಮರುಕಳಿಸುವುದು ಇಳಿಯಿತು. ಆದರೆ ಒಟ್ಟು ಡೋಸ್ 120 ದಾಟಿದ ಮೇಲೆ, ಅದನ್ನು ದಿನಕ್ಕೆ ಜಾಸ್ತಿ ತಿಂದು ಬೇಗ ಮುಗಿಸಿದರೋ ಕಡಿಮೆ ತಿಂದು ನಿಧಾನವಾಗಿ ಮುಗಿಸಿದರೋ ಎಂಬುದರಿಂದ ವ್ಯತ್ಯಾಸ ಕಾಣಲಿಲ್ಲ. ಇದು ನಿಜಕ್ಕೂ ಒಳ್ಳೆಯ ಸುದ್ದಿ. ಜಾಸ್ತಿ ಡೋಸಿನ ಒಣಗುವಿಕೆ, ಮೈಕೈ ನೋವು ತಡೆಯಲಾರದವರು ಕಡಿಮೆ ಡೋಸಿನಲ್ಲಿ ಹೆಚ್ಚು ತಿಂಗಳು ಹೋದರೂ ಅದೇ ಜಾಗ ಮುಟ್ಟಬಹುದು.

ಒಟ್ಟು ಡೋಸಿನ ಲೆಕ್ಕವೇ ಎಲ್ಲ ಎಂದು ನನಗೆ ಅನ್ನಿಸುವುದಿಲ್ಲ. 120 ಮುಟ್ಟಿದ ದಿನ ಕೆನ್ನೆಯಲ್ಲಿ ಇನ್ನೂ ಎರಡು ಗಂಟು ಉಳಿದಿದ್ದರೆ ಲೆಕ್ಕ ಮುಗಿದಿರಬಹುದು, ಕೆಲಸ ಮುಗಿದಿಲ್ಲ. ಹೊಸ ಮೊಡವೆ ಏಳುವುದು ಪೂರ್ತಿ ನಿಂತು, ಆಮೇಲೂ ಒಂದೆರಡು ತಿಂಗಳು ಮುಂದುವರಿಸುವ ರೂಢಿ ಹಲವು ಚರ್ಮವೈದ್ಯರಲ್ಲಿದೆ. ಅದು ಹೆಚ್ಚು ಸರಿ ಎನಿಸುತ್ತದೆ.

ಕಾಗದದ ಮೇಲಿನ ಡೋಸೂ ರಕ್ತಕ್ಕೆ ಸೇರುವ ಡೋಸೂ ಒಂದೇ ಅಲ್ಲ ಎಂಬುದು ಇನ್ನೊಂದು ವಿಷಯ. ಈ ಔಷಧಿ ಕೊಬ್ಬಿನಲ್ಲಿ ಕರಗುತ್ತದೆ. ಮಾಮೂಲಿ ಕ್ಯಾಪ್ಸೂಲನ್ನು ಕೊಬ್ಬಿನ ಅಂಶ ಇರುವ ಊಟದ ಜೊತೆ ತೆಗೆದುಕೊಂಡರೆ, ಖಾಲಿ ಹೊಟ್ಟೆಗಿಂತ ಎರಡು ಪಟ್ಟಿಗೂ ಹೆಚ್ಚು ರಕ್ತಕ್ಕೆ ಸೇರುತ್ತದೆ. ಬೆಳಿಗ್ಗೆ ಎದ್ದು ಬರೀ ನೀರಿನಲ್ಲಿ ನುಂಗಿದವರು ಆರು ತಿಂಗಳು ಪೂರ್ತಿ ಕೋರ್ಸ್ ಮಾಡಿದ್ದೇವೆ ಎಂದುಕೊಂಡಿರುತ್ತಾರೆ. ದೇಹಕ್ಕೆ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ ಇರಬಹುದು. ಇದನ್ನು ಔಷಧಿ ಬರೆದುಕೊಡುವಾಗಲೇ ಬಿಡಿಸಿ ಹೇಳಬೇಕು. ಊಟದ ನಂತರ ಅಂತ ಚೀಟಿಯಲ್ಲಿ ಬರೆದರೆ ಸಾಲದು. ಯಾಕೆ ಅಂತ ಗೊತ್ತಿದ್ದರೆ ಜನ ಪಾಲಿಸುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಬಾಕಿ ಇದೆ. ವಾಪಸ್ ಬಂದಿದೆ ಅಂದುಕೊಂಡದ್ದು ಮೊಡವೆಯೇ ಆಗಿರಬೇಕಿಲ್ಲ. ಮೊಡವೆ ಆರಿದ ಜಾಗದಲ್ಲಿ ಕೆಂಪು ಅಥವಾ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಮುಟ್ಟಿದರೆ ಚಪ್ಪಟೆ, ನೋವಿಲ್ಲ. ಅದು ಕಲೆ ಅಷ್ಟೇ, ಅದಕ್ಕೆ ಮತ್ತೆ ಕ್ಯಾಪ್ಸೂಲ್ ಬೇಡ. ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಚಿಕ್ಕ ಚಿಕ್ಕ ಗುಳ್ಳೆ ಎದ್ದು ತುರಿಸುತ್ತಿದ್ದರೆ ಅದು ಮಲಸೇಜಿಯಾ ಎಂಬ ಶಿಲೀಂಧ್ರದ ತೊಂದರೆ ಇರಬಹುದು. ಅದಕ್ಕೆ ಆಂಟಿಬಯಾಟಿಕ್ ಕೊಟ್ಟರೆ ಇನ್ನೂ ಕೆಡುತ್ತದೆ. ಮುಖ ಬೆಳ್ಳಗಾಗಲಿ ಎಂದು ಹಚ್ಚುವ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ತಾನೇ ಮೊಡವೆ ಎಬ್ಬಿಸುತ್ತದೆ, ಬಿಟ್ಟಾಗ ಇನ್ನೂ ಜೋರು ಮಾಡುತ್ತದೆ. ಬಾಯಿಯ ಸುತ್ತ ಮಾತ್ರ ಸಣ್ಣ ಗುಳ್ಳೆ, ಕೆನ್ನೆ ಮೂಗಿನ ಮೇಲೆ ಕೆಂಪು ಮತ್ತು ಉರಿ ಇದ್ದರೆ ಅವೂ ಬೇರೆ ರೋಗಗಳೇ.

ದೇಹದ ಒಳಗಿನಿಂದಲೂ ಕಾರಣ ಬರಬಹುದು. ಲಿಥಿಯಂ, ಕ್ಷಯಕ್ಕೆ ಕೊಡುವ ಐಸೊನಿಯಜಿಡ್, ಸ್ಟೀರಾಯ್ಡ್ ಮಾತ್ರೆ, ಜಾಸ್ತಿ ಬಿ12, ಪ್ರೊಜೆಸ್ಟಿನ್ ಮಾತ್ರ ಇರುವ ಕೆಲವು ಗರ್ಭನಿರೋಧಕಗಳು ಇವೆಲ್ಲ ಮೊಡವೆ ಕೆರಳಿಸಬಲ್ಲವು. ಮೈಕಟ್ಟಿಗೆಂದು ಅನಾಬಾಲಿಕ್ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಐಸೊಟ್ರೆಟಿನಾಯಿನ್ ಎಷ್ಟು ಕೋರ್ಸ್ ಕೊಟ್ಟರೂ ಅಷ್ಟೇ. ಅವರು ಆಂಡ್ರೋಜನ್ನನ್ನೇ ಹೊರಗಿನಿಂದ ತುಂಬುತ್ತಿದ್ದಾರೆ. ವ್ಹೇ ಪ್ರೋಟೀನ್ ಪುಡಿ ಶುರುಮಾಡಿದ ಮೇಲೆ ಮೊಡವೆ ಎದ್ದಿದ್ದರೆ ಅದನ್ನು ಸ್ವಲ್ಪ ಕಾಲ ಬಿಟ್ಟು ನೋಡುವುದರಲ್ಲಿ ನಷ್ಟವಿಲ್ಲ. ಆಹಾರಕ್ಕೂ ಮೊಡವೆಗೂ ನಂಟು ಇದೆ, ಮುಖ್ಯವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುವ ತಿನಿಸುಗಳ ಜೊತೆ. ಆದರೆ ಗುಣವಾಗಿದ್ದ ತೀವ್ರ ಮೊಡವೆ ವಾಪಸ್ ಬಂದದ್ದಕ್ಕೆ ಊಟವನ್ನೇ ಹೊಣೆ ಮಾಡಲು ನಾನು ಒಪ್ಪಲಾರೆ.

ಸರಿ, ನಿಜವಾಗಿಯೂ ವಾಪಸ್ ಬಂದಿದ್ದರೆ? ಎಷ್ಟು ಜೋರಾಗಿದೆ ಎಂಬುದೇ ಮೊದಲ ಪ್ರಶ್ನೆ. ಅಲ್ಲೊಂದು ಇಲ್ಲೊಂದು ಗುಳ್ಳೆಯಾದರೆ ಅಡಾಪಲೀನ್, ಬೆಂಜಾಯಿಲ್ ಪೆರಾಕ್ಸೈಡ್ ಥರದ ಹಚ್ಚುವ ಮದ್ದು ಸಾಕು. ಹೆಚ್ಚಿನವರದ್ದು ಈ ಗುಂಪೇ. 2013ರ ಅಧ್ಯಯನದಲ್ಲಿ ಒಂದು ವರ್ಷದೊಳಗೆ ಮತ್ತೆ ಐಸೊಟ್ರೆಟಿನಾಯಿನ್ ಬೇಕಾದವರು ನೂರಕ್ಕೆ ಇಬ್ಬರೂ ಇರಲಿಲ್ಲ. ನಿಜ ಹೇಳಬೇಕೆಂದರೆ ಅಡಾಪಲೀನ್ ಹಚ್ಚುವುದನ್ನು ಮೊಡವೆ ಬರಲಿ ಅಂತ ಕಾಯದೆ, ಕೋರ್ಸ್ ಮುಗಿದು ಚರ್ಮದ ಒಣಗುವಿಕೆ ಇಳಿದ ಕೂಡಲೇ ಶುರುಮಾಡುವುದು ಒಳ್ಳೆಯದು. ಕ್ಯಾಪ್ಸೂಲ್ ನಿಂತ ಮೇಲೆ ರಂಧ್ರ ಮತ್ತೆ ಕಟ್ಟಿಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ. ಕೋರ್ಸ್ ಮುಗಿಯಿತು, ಇನ್ನು ಏನೂ ಬೇಡ ಎಂದು ಕಳಿಸಿಬಿಡುವುದೇ ನಮ್ಮ ದೊಡ್ಡ ಕೊರತೆ. ಗರ್ಭಿಣಿಯರು, ಗರ್ಭ ಬಯಸುವವರು ಮಾತ್ರ ಈ ಕ್ರೀಮು ಹಚ್ಚುವ ಮೊದಲು ಡಾಕ್ಟರನ್ನು ಕೇಳಬೇಕು.

ಹಾರ್ಮೋನಿನ ಲಕ್ಷಣ ಇರುವ ಮಹಿಳೆಯರಿಗೆ ಆಂಡ್ರೋಜನ್ನಿನ ಕೆಲಸ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಅಥವಾ ಎರಡು ಹಾರ್ಮೋನು ಸೇರಿದ ಗರ್ಭನಿರೋಧಕ ಮಾತ್ರೆ ಇದೆ. 2023ರಲ್ಲಿ ಬ್ರಿಟನ್ನಿನಲ್ಲಿ 410 ಮಹಿಳೆಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಂಡವರ ಮೊಡವೆ ಔಷಧಿಯಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಿಗಿಂತ ಚೆನ್ನಾಗಿ ಇಳಿಯಿತು. ಆ ವ್ಯತ್ಯಾಸ 12ನೇ ವಾರಕ್ಕಿಂತ 24ನೇ ವಾರದಲ್ಲಿ ಇನ್ನೂ ಸ್ಪಷ್ಟವಾಗಿತ್ತು. ಅಂದರೆ ಇದಕ್ಕೆ ತಾಳ್ಮೆ ಬೇಕು. ಇದನ್ನೂ ಗರ್ಭಿಣಿಯರು ತೆಗೆದುಕೊಳ್ಳಬಾರದು.

ಗಂಟು, ಕೀವು, ಗುಂಡಿ ಬೀಳುವ ಥರದ ಮೊಡವೆಯೇ ಮರಳಿದ್ದರೆ ಎರಡನೇ ಕೋರ್ಸಿಗೆ ಹೆದರಬೇಕಿಲ್ಲ. ಮೊದಲ ಸಲ ಕೆಲಸ ಮಾಡಿದ್ದರೆ ಎರಡನೇ ಸಲವೂ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಈ ಬ್ಯಾಕ್ಟೀರಿಯಾ ಆಂಟಿಬಯಾಟಿಕ್‌ಗೆ ಒಗ್ಗಿಕೊಳ್ಳುವ ಹಾಗೆ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ. ನಡುವೆ ಕನಿಷ್ಠ ಎಂಟು ವಾರದ ಅಂತರ ಇರಲಿ ಎಂಬುದು ನಿಯಮ. ಔಷಧಿ ನಿಂತ ಮೇಲೂ ಕೆಲವರ ಚರ್ಮ ಸುಧಾರಿಸುತ್ತಾ ಹೋಗುತ್ತದೆ, ಅದಕ್ಕೆ ಸಮಯ ಕೊಡಬೇಕು.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿ ಹೇಳಬೇಕು. ಹಳೆಯ ಕೋರ್ಸಿನಲ್ಲಿ ಉಳಿದ ಕ್ಯಾಪ್ಸೂಲನ್ನು ಸುಮ್ನೆ ನಾಲ್ಕು ದಿನ ನುಂಗಿ ನೋಡೋಣ ಅನ್ನುವುದು, ಗೆಳತಿಗೆ ಕೊಡುವುದು ಬೇಡವೇ ಬೇಡ. ಇದು ಗರ್ಭದಲ್ಲಿರುವ ಮಗುವಿನ ಮಿದುಳು, ಹೃದಯ, ಮುಖದ ರಚನೆಯನ್ನು ಕೆಡಿಸುತ್ತದೆ. ಸಣ್ಣ ಡೋಸಿಗೂ ಈ ಅಪಾಯ ಇದೆ. ಕೊನೆಯ ಕ್ಯಾಪ್ಸೂಲ್ ನಂತರ ಒಂದು ತಿಂಗಳವರೆಗೂ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು, ಆ ಒಂದು ತಿಂಗಳು ಗಂಡಸರೂ ಹೆಂಗಸರೂ ರಕ್ತದಾನ ಮಾಡಬಾರದು. ಡಾಕ್ಸಿಸೈಕ್ಲಿನ್ ಗುಂಪಿನ ಆಂಟಿಬಯಾಟಿಕ್ ಜೊತೆ ಸೇರಿದರೆ ತಲೆಬುರುಡೆಯೊಳಗೆ ಒತ್ತಡ ಏರುವ ಭಯ ಇದೆ. ವಿಟಮಿನ್ ಎ ಮಾತ್ರೆಯನ್ನೂ ಜೊತೆಗೆ ತೆಗೆದುಕೊಳ್ಳಬಾರದು. ಮನಸ್ಸು ಕುಗ್ಗುತ್ತಿದೆ ಎನಿಸಿದರೆ ಅದನ್ನೂ ಡಾಕ್ಟರಿಗೆ ಹೇಳಬೇಕು, ಕಾರಣ ಔಷಧಿಯೋ ಮೊಡವೆಯೋ ಎಂದು ಒಬ್ಬರೇ ಕೂತು ಯೋಚಿಸಬಾರದು.

ಮತ್ತೆ ಡಾಕ್ಟರ ಹತ್ತಿರ ಹೋಗುವಾಗ ನಾಲ್ಕು ಮಾಹಿತಿ ಕೈಯಲ್ಲಿರಲಿ. ಆಗಿನ ತೂಕ ಮತ್ತು ಕೋರ್ಸಿನ ಒಟ್ಟು ಡೋಸ್, ಕ್ಯಾಪ್ಸೂಲನ್ನು ಊಟದ ಜೊತೆ ತೆಗೆದುಕೊಂಡಿದ್ದಿರೋ ಇಲ್ಲವೋ, ಮೊಡವೆ ನಿಂತ ಎಷ್ಟು ತಿಂಗಳಿಗೆ ಎಲ್ಲಿ ಮತ್ತೆ ಎದ್ದಿತು, ಈ ನಡುವೆ ಹೊಸದಾಗಿ ಶುರುಮಾಡಿದ ಮಾತ್ರೆ, ಪುಡಿ, ಕ್ರೀಮು ಯಾವುದು. ಮಹಿಳೆಯರಾದರೆ ಮುಟ್ಟಿನ ದಿನಾಂಕಗಳೂ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ನೋವಿನ ಗಂಟು ಒಂದೆರಡು ಎದ್ದಾಗಲೇ ಹೋಗಬೇಕು. ನಾಚಿಕೆಯಿಂದ ತಿಂಗಳುಗಟ್ಟಲೆ ತಡಮಾಡಿದರೆ ಗುಂಡಿ ಬೀಳುತ್ತದೆ. ಮೊಡವೆಯನ್ನು ಮತ್ತೆ ಇಳಿಸಬಹುದು, ಬಿದ್ದ ಗುಂಡಿಯನ್ನು ಪೂರ್ತಿ ತುಂಬಿಸುವ ಕ್ಯಾಪ್ಸೂಲ್ ಯಾವುದೂ ಇಲ್ಲ.